ಬಂದರಿನ ಬಾಗಿಲಲ್ಲಿ ಭಾಷಾ ಪರೀಕ್ಷೆ: ಒಂದು ಚಾರಿತ್ರಿಕ ಅವಲೋಕನ



ಉನ್ನತ ವ್ಯಾಸಂಗಕ್ಕೋ ಉದ್ಯೋಗಕ್ಕೋ ವಿದೇಶಕ್ಕೆ ಹೋಗಬೇಕೆಂಬ ಆಸೆ ಇಂದು ನಮ್ಮ ಸಮುದಾಯದ ಅನೇಕ ಯುವಕ ಯುವತಿಯರಲ್ಲಿದೆ. ನಮ್ಮ ಹಿಂದಿನ ತಲೆಮಾರು ಗಲ್ಫ್ ರಾಷ್ಟ್ರಗಳಿಗೆ ಹೊರಟಾಗ ಭಾಷೆಯ ಪ್ರಶ್ನೆ ಅಷ್ಟಾಗಿ ಎದುರಾಗಲಿಲ್ಲ. ಅರಬಿಯನ್ನೋ ಇಂಗ್ಲಿಷನ್ನೋ ಅವರು ಅಲ್ಲಿಗೆ ಹೋದ ಮೇಲೆ, ಅಂಗಡಿಯಲ್ಲಿ, ಗೋದಾಮಿನಲ್ಲಿ, ಕೆಲಸದ ಜಾಗದಲ್ಲಿ ಕೇಳಿ ಕೇಳಿ ಕಲಿತರು. ಆದರೆ ಇಂದು ನೀವು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಅಥವಾ ಅಮೆರಿಕಕ್ಕೆ ಹೋಗಬೇಕಾದರೆ ಹೊರಡುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: "ನಿಮಗೆ ಇಂಗ್ಲಿಷ್ ಬರುತ್ತದೆ ಎನ್ನುವುದಕ್ಕೆ ಪುರಾವೆ ಏನು?" ಬೆಂಗಳೂರು, ಮಂಗಳೂರಿನಂತಹ ನಗರಗಳ ಬೀದಿಗಳಲ್ಲಿ ನೀವು ನೋಡುವ ಐಇಎಲ್‌ಟಿಎಸ್, ಟೋಫೆಲ್, ಪಿಟಿಇ ತರಬೇತಿಯ ಫಲಕಗಳೆಲ್ಲ ಈ ಒಂದು ಪ್ರಶ್ನೆಯಿಂದ ಹುಟ್ಟಿಕೊಂಡವು.

ಈ ಪರೀಕ್ಷೆಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಇದು ನಮ್ಮಂಥವರನ್ನು ಹೊರಗಿಡಲು ಬಿಳಿಯರು ಮಾಡಿದ ಉಪಾಯ" ಎನ್ನುವವರು ಒಂದು ಕಡೆ. "ಓದಲು ಹೋಗುವವನಿಗೆ ಭಾಷೆ ಬರಬೇಡವೇ, ಕೇಳುವುದರಲ್ಲಿ ತಪ್ಪೇನಿದೆ?" ಎನ್ನುವವರು ಇನ್ನೊಂದು ಕಡೆ. ಚರಿತ್ರೆಯನ್ನು ತೆರೆದು ನೋಡಿದರೆ ಎರಡು ಮಾತಿಗೂ ಆಧಾರವಿದೆ. ಏಕೆಂದರೆ ಇಂದಿನ ಭಾಷಾ ಪರೀಕ್ಷೆಗೆ ಎರಡು ಬೇರುಗಳಿವೆ. ಒಂದು ಬೇರು ಬಂದರಿನಲ್ಲಿ ಹುಟ್ಟಿದ್ದು. ಅದರ ಉದ್ದೇಶ ಜನರನ್ನು ತಡೆಯುವುದು. ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಅದರ ಉದ್ದೇಶ ಕಲಿಕೆಯನ್ನು ಅಳೆಯುವುದು. ಈ ಎರಡನ್ನೂ ತಿಳಿದವನು ಪರೀಕ್ಷೆಗೆ ಹೆದರುವುದೂ ಇಲ್ಲ, ಅದರ ಹೆಸರಿನಲ್ಲಿ ಮೋಸ ಹೋಗುವುದೂ ಇಲ್ಲ.

ಡರ್ಬನ್, 1897

ಮೊದಲ ಬೇರನ್ನು ಹುಡುಕುತ್ತಾ ಹೋದರೆ ನಾವು ದಕ್ಷಿಣ ಆಫ್ರಿಕಾದ ಡರ್ಬನ್ ಬಂದರಿಗೆ ತಲುಪುತ್ತೇವೆ. ಆಗ ಅದು ನೇಟಾಲ್ ಎಂಬ ಬ್ರಿಟಿಷ್ ವಸಾಹತಿನ ಭಾಗವಾಗಿತ್ತು. ಕಬ್ಬಿನ ತೋಟಗಳಲ್ಲಿ ದುಡಿಯಲು 1860ರಿಂದ ಭಾರತದ ಕರಾರು ಕೂಲಿಗಳನ್ನು ಅಲ್ಲಿಗೆ ಕರೆದೊಯ್ಯಲಾಯಿತು. ಅವರ ಹಿಂದೆಯೇ ಸ್ವಂತ ಖರ್ಚಿನಲ್ಲಿ ಹೋದವರು ವ್ಯಾಪಾರಿಗಳು. ಇವರಲ್ಲಿ ಬಹಳಷ್ಟು ಮಂದಿ ಗುಜರಾತಿನ ಮುಸ್ಲಿಮರು. 1893ರಲ್ಲಿ ಯುವ ವಕೀಲ ಮೋಹನದಾಸ ಗಾಂಧಿಯವರು ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ಇಂಥದೇ ಒಬ್ಬ ವರ್ತಕರಾದ ದಾದಾ ಅಬ್ದುಲ್ಲಾರ ಕಂಪೆನಿಯ ಮೊಕದ್ದಮೆಗಾಗಿ ಎಂಬುದು ನಿಮಗೆ ಗೊತ್ತಿರುವ ವಿಷಯ.

ಕೂಲಿಗಳು ಬೇಕು, ಆದರೆ ವ್ಯಾಪಾರದಲ್ಲಿ ಪೈಪೋಟಿ ಕೊಡುವ ಸ್ವತಂತ್ರ ಭಾರತೀಯರು ಬೇಡ ಎಂಬುದು ನೇಟಾಲಿನ ಬಿಳಿಯರ ನಿಲುವಾಗಿತ್ತು. 1896ರ ಡಿಸೆಂಬರಿನಲ್ಲಿ 'ಕೂರ್ಲೆಂಡ್' ಮತ್ತು 'ನಾದರಿ' ಎಂಬ ಎರಡು ಹಡಗುಗಳು ಸುಮಾರು 800 ಭಾರತೀಯ ಪ್ರಯಾಣಿಕರನ್ನು ಹೊತ್ತು ಡರ್ಬನ್ ತಲುಪಿದವು. ಮೊದಲನೆಯ ಹಡಗು ದಾದಾ ಅಬ್ದುಲ್ಲಾರ ಕಂಪೆನಿಯದೇ. ಅದರಲ್ಲಿ ಗಾಂಧಿಯವರೂ ಅವರ ಕುಟುಂಬವೂ ಇತ್ತು. ಪ್ಲೇಗಿನ ಕಾರಣ ಹೇಳಿ ಹಡಗುಗಳನ್ನು ಮೂರು ವಾರಕ್ಕೂ ಹೆಚ್ಚು ಕಾಲ ಹೊರಗೇ ನಿಲ್ಲಿಸಲಾಯಿತು. ದಡದಲ್ಲಿ ಬಿಳಿಯರು ಸಭೆ ಸೇರಿ ಇವರನ್ನು ಇಳಿಯಗೊಡಬಾರದೆಂದು ಕೂಗಿದರು. 1897ರ ಜನವರಿ 13ರಂದು ಕೊನೆಗೂ ಇಳಿದಾಗ ಗಾಂಧಿಯವರ ಮೇಲೆ ಗುಂಪು ಹಲ್ಲೆ ನಡೆಸಿತು.

ಅದೇ ವರ್ಷ ನೇಟಾಲ್ ಸರಕಾರ ವಲಸೆ ನಿರ್ಬಂಧ ಕಾಯ್ದೆಯನ್ನು ತಂದಿತು. ಈ ಕಾಯ್ದೆಯಲ್ಲಿ 'ಭಾರತೀಯ' ಎಂಬ ಶಬ್ದವೇ ಇರಲಿಲ್ಲ! ಹೊಸದಾಗಿ ಬರುವವನು ಯಾವುದಾದರೊಂದು ಯುರೋಪಿಯನ್ ಭಾಷೆಯ ಲಿಪಿಯಲ್ಲಿ ಗೊತ್ತುಪಡಿಸಿದ ಅರ್ಜಿಯನ್ನು ಬರೆದು ಸಹಿ ಹಾಕಬೇಕು, ಇಲ್ಲವಾದರೆ ಪ್ರವೇಶವಿಲ್ಲ ಎಂದಷ್ಟೇ ಅದು ಹೇಳಿತು. ಇದರ ಪರಿಣಾಮವನ್ನು ನೀವೇ ಊಹಿಸಿ. ಅರಬಿ ಓದಬಲ್ಲ, ಉರ್ದುವಿನಲ್ಲಿ ಪತ್ರ ಬರೆಯಬಲ್ಲ, ಗುಜರಾತಿಯಲ್ಲಿ ಲಕ್ಷಾಂತರ ರೂಪಾಯಿಗಳ ಲೆಕ್ಕ ಇಡಬಲ್ಲ ವರ್ತಕನೊಬ್ಬ ಆ ಕಾನೂನಿನ ಕಣ್ಣಿಗೆ ಅನಕ್ಷರಸ್ಥನಾದ. ಅದೇ ವರ್ಷದ ವ್ಯಾಪಾರ ಪರವಾನಗಿ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲೆಕ್ಕದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಇಡಲಾಗದವರಿಗೆ ಪರವಾನಗಿ ನಿರಾಕರಿಸಲು ದಾರಿ ಮಾಡಿಕೊಟ್ಟಿತು.

ಹೆಸರು ಹೇಳದೆ ಹೀಗೆ ಸುತ್ತುಬಳಸಿ ಕಾನೂನು ಮಾಡಿದ್ದೇಕೆ? ಬ್ರಿಟಿಷ್ ಪ್ರಜೆಗಳೆಲ್ಲ ಸಮಾನರು ಎಂದು 1858ರ ವಿಕ್ಟೋರಿಯಾ ರಾಣಿಯ ಘೋಷಣೆ ಭಾರತೀಯರಿಗೆ ಭರವಸೆ ಕೊಟ್ಟಿತ್ತು. ಬಣ್ಣದ ಹೆಸರೆತ್ತಿ ತಡೆದರೆ ಲಂಡನ್ ಸರಕಾರಕ್ಕೆ ಮುಜುಗರ. ಭಾಷೆಯ ಹೆಸರಿನಲ್ಲಿ ತಡೆದರೆ ಯಾರೂ ಆಕ್ಷೇಪಿಸಲಾರರು. 1897ರಲ್ಲಿ ಲಂಡನ್ನಿನಲ್ಲಿ ಸೇರಿದ ವಸಾಹತುಗಳ ಪ್ರಧಾನಿಗಳ ಸಭೆಯಲ್ಲಿ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್ ನೇಟಾಲಿನ ಈ ಮಾದರಿಯನ್ನೇ ಇತರರಿಗೂ ಸೂಚಿಸಿದರು. ಪಶ್ಚಿಮ ಆಸ್ಟ್ರೇಲಿಯಾ, ನ್ಯೂ ಸೌತ್ ವೇಲ್ಸ್, ನ್ಯೂಜಿಲೆಂಡ್, ಕೇಪ್ ಕಾಲನಿ ಒಂದರ ಹಿಂದೆ ಒಂದು ಅದನ್ನು ಅನುಸರಿಸಿದವು. ಕೇಪ್ ಕಾಲನಿಯಲ್ಲಿ ಯಹೂದಿಗಳ ಯಿದ್ದಿಷ್ ಭಾಷೆಯನ್ನು 1906ರಲ್ಲಿ ಯುರೋಪಿಯನ್ ಭಾಷೆಯೆಂದು ಒಪ್ಪಿಕೊಳ್ಳಲಾಯಿತು. ಹೀಬ್ರೂ ಲಿಪಿಯಲ್ಲಿ ಬರೆಯುವ ಯಿದ್ದಿಷ್ ಒಳಗೆ ಬಂತು, ಉರ್ದು ಗುಜರಾತಿಗಳು ಹೊರಗೇ ಉಳಿದವು.

ಅಕ್ಷರ ಬಲ್ಲವರಿಗಾದರೂ ಬಾಗಿಲು ತೆರೆಯಿತೇ? ಟ್ರಾನ್ಸ್‌ವಾಲ್ ಪ್ರಾಂತದಲ್ಲಿ 1907ರಲ್ಲಿ ಇಂಥದೇ ಕಾಯ್ದೆ ಬಂದಾಗ, ಇಂಗ್ಲಿಷ್ ಬಲ್ಲ ಸೊರಾಬ್ಜಿ ಶಾಪುರ್ಜಿ ಅಡಾಜಾನಿಯಾ ಎಂಬ ಪಾರ್ಸಿ ಯುವಕ 1908ರಲ್ಲಿ ಸರಕಾರಕ್ಕೆ ಮೊದಲೇ ತಿಳಿಸಿ ಗಡಿ ದಾಟಿದರು. ತನ್ನ ವಿದ್ಯೆಯ ಬಲದಿಂದ ತನಗೆ ಪ್ರವೇಶದ ಹಕ್ಕಿದೆ ಎಂಬುದು ಅವರ ವಾದ. ಅವರಿಗೆ ಸಿಕ್ಕಿದ್ದು ಜೈಲು ಮತ್ತು ಗಡೀಪಾರು. ಪರೀಕ್ಷೆಯಲ್ಲಿ ಉತ್ತೀರ್ಣನಾದರೂ ಪ್ರವೇಶವಿಲ್ಲ ಎಂದಾದರೆ ಅದು ಪರೀಕ್ಷೆಯಲ್ಲ, ಗೋಡೆ.

ಐವತ್ತು ಪದಗಳ ಉಕ್ತಲೇಖನ

ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ಕೇಳಿ ಉಕ್ತಲೇಖನ ಬರೆಯದವರು ನಮ್ಮಲ್ಲಿ ಯಾರೂ ಇರಲಾರರು. ಇದೇ ಉಕ್ತಲೇಖನವನ್ನು ಆಸ್ಟ್ರೇಲಿಯಾ ತನ್ನ ಬಂದರುಗಳ ಬಾಗಿಲಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಾವಲಿಗಿಟ್ಟಿತು. ಒಕ್ಕೂಟ ರಾಷ್ಟ್ರವಾದ 1901ರಲ್ಲೇ ಅದು ಮಾಡಿಕೊಂಡ ವಲಸೆ ನಿರ್ಬಂಧ ಕಾಯ್ದೆಯ ಪ್ರಕಾರ, ಅಧಿಕಾರಿಯು ಯುರೋಪಿಯನ್ ಭಾಷೆಯೊಂದರಲ್ಲಿ 50 ಪದಗಳ ಒಂದು ಭಾಗವನ್ನು ಓದಿ ಹೇಳುತ್ತಾನೆ, ಬಂದವನು ಅದನ್ನು ತಪ್ಪಿಲ್ಲದೆ ಬರೆಯಬೇಕು. ಭಾಷೆ ಯಾವುದೆಂದು ಆರಿಸುವವನು ಅಭ್ಯರ್ಥಿಯಲ್ಲ, ಅಧಿಕಾರಿ! ಇಂಗ್ಲಿಷ್ ಬಲ್ಲವನಿಗೆ ಫ್ರೆಂಚ್, ಫ್ರೆಂಚ್ ಬಲ್ಲವನಿಗೆ ಮತ್ತೊಂದು. ಜಪಾನ್ ಪ್ರತಿಭಟಿಸಿದ ಮೇಲೆ 1905ರಲ್ಲಿ 'ಯುರೋಪಿಯನ್ ಭಾಷೆ' ಎಂಬುದನ್ನು 'ಗೊತ್ತುಪಡಿಸಿದ ಭಾಷೆ' ಎಂದು ತಿದ್ದಿದರು. ಮಾತು ಬದಲಾಯಿತು, ನಡೆ ಬದಲಾಗಲಿಲ್ಲ.

ಅಂಕಿ ಅಂಶಗಳನ್ನು ನೋಡಿ. 1902 ಮತ್ತು 1903ರಲ್ಲಿ ಈ ಪರೀಕ್ಷೆಗೆ ಒಳಗಾದ 805 ಮಂದಿಯಲ್ಲಿ ಉತ್ತೀರ್ಣರಾದವರು 46. 1904ರಿಂದ 1909ರವರೆಗೆ 554 ಮಂದಿಯಲ್ಲಿ ಕೇವಲ 6. ಆ ನಂತರ ಒಬ್ಬರೂ ಇಲ್ಲ. ಯಾವ ಶಾಲೆಯ ಫಲಿತಾಂಶ ವರ್ಷಾನುಗಟ್ಟಲೆ ಸೊನ್ನೆಯಾಗಿ ಉಳಿಯುತ್ತದೆ? ದಡ್ಡರೇ ತುಂಬಿದ ಶಾಲೆಯದೂ ಅಲ್ಲ. ಯಾರನ್ನೂ ಉತ್ತೀರ್ಣಗೊಳಿಸಬಾರದೆಂದು ಮೊದಲೇ ನಿರ್ಧರಿಸಿದ ಕಡೆ ಮಾತ್ರ ಹಾಗಾಗುತ್ತದೆ.

ಈ ಕಾಯ್ದೆಯ ನೋವನ್ನು ಉಂಡವರಲ್ಲಿ ನಮ್ಮ ಉಪಖಂಡದ ಮುಸ್ಲಿಮರ ಒಂದು ಸಮೂಹವೂ ಇದೆ. ಅವರೇ ಒಂಟೆ ಸಾಗಣೆಗಾರರು. ಪೇಶಾವರ, ಬಲೂಚಿಸ್ತಾನ, ಸಿಂಧ್, ಪಂಜಾಬ್, ಅಫ್ಘಾನಿಸ್ತಾನಗಳಿಂದ ಹೋದ ಇವರೆಲ್ಲರನ್ನೂ ಆಸ್ಟ್ರೇಲಿಯನ್ನರು 'ಅಫ್ಘನ್ನರು' ಎಂದೇ ಕರೆದರು. 1860ರ ಬರ್ಕ್ ಮತ್ತು ವಿಲ್ಸ್ ಅನ್ವೇಷಣಾ ಯಾತ್ರೆಯಿಂದ ಮೊದಲ್ಗೊಂಡು ಅರುವತ್ತು ವರ್ಷಗಳ ಅವಧಿಯಲ್ಲಿ ಸುಮಾರು 2,000 ಮಂದಿ ಹೋದರೆಂದು ಅಂದಾಜು. ಕುದುರೆ, ಎತ್ತುಗಳು ಸಾಗದ ಆ ಮರುಭೂಮಿಯಲ್ಲಿ ಗಣಿಗಳಿಗೆ ನೀರು ಸಾಗಿಸಿದವರು, ಟೆಲಿಗ್ರಾಫ್ ತಂತಿಗೂ ರೈಲು ಮಾರ್ಗಕ್ಕೂ ಸಾಮಗ್ರಿ ಹೊತ್ತವರು, ಕುರಿ ಸಾಕಣೆದಾರರ ಉಣ್ಣೆಯನ್ನು ಪಟ್ಟಣ ಸೇರಿಸಿದವರು ಇವರೇ. ಅಡಿಲೇಡ್ ನಗರದಲ್ಲಿ 1888-89ರಲ್ಲಿ ಇವರು ಕಟ್ಟಿದ ಮಸೀದಿ ಇಂದಿಗೂ ಇದೆ. ಆ ದೇಶವನ್ನು ಉತ್ತರ ದಕ್ಷಿಣವಾಗಿ ದಾಟುವ 'ಘಾನ್' ಎಂಬ ರೈಲಿನ ಹೆಸರಿನಲ್ಲಿ 'ಅಫ್ಘನ್' ಎಂಬ ಶಬ್ದದ ಬಾಲ ಉಳಿದುಕೊಂಡಿದೆ.

ಇಷ್ಟೆಲ್ಲ ಸೇವೆ ಸಲ್ಲಿಸಿದವರಿಗೆ ಆ ದೇಶ ಪೌರತ್ವ ಕೊಡಲಿಲ್ಲ. 1903ರ ಪೌರತ್ವ ಕಾಯ್ದೆ ಏಷ್ಯಾ ಮೂಲದವರು ಅರ್ಜಿ ಹಾಕುವುದಕ್ಕೇ ಅವಕಾಶವಿಲ್ಲವೆಂದು ಹೇಳಿತು. ಊರಿನಲ್ಲಿರುವ ತಾಯಿ ತಂದೆಯರನ್ನೋ ಹೆಂಡತಿ ಮಕ್ಕಳನ್ನೋ ನೋಡಲು ಹೋಗಬೇಕಾದರೆ, ಮರಳುವಾಗ ಉಕ್ತಲೇಖನದ ಬಲೆಗೆ ಬೀಳದಂತೆ ಮೊದಲೇ 'ವಿನಾಯಿತಿ ಪತ್ರ' ಮಾಡಿಸಿಕೊಳ್ಳಬೇಕಿತ್ತು. ಎದುರಿನಿಂದ ಒಂದು, ಪಕ್ಕದಿಂದ ಒಂದು ಭಾವಚಿತ್ರ, ಅದರ ಜೊತೆಗೆ ಇಡೀ ಅಂಗೈಯ ಮುದ್ರೆ. ಇಂಥ ಸಾವಿರಾರು ಪತ್ರಗಳು ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂದಿಗೂ ಇವೆ. ಪತ್ರದ ಅವಧಿ ಮೀರಿತೆಂದರೆ ಇಪ್ಪತ್ತು ವರ್ಷ ದುಡಿದ ನೆಲವೂ ಪರಕೀಯ. ಕುಟುಂಬವನ್ನು ಕರೆದೊಯ್ಯಲಾಗದೆ ಎಷ್ಟೋ ಮಂದಿ ಒಂಟಿಯಾಗಿಯೇ ಆ ಮಣ್ಣಿನಲ್ಲಿ ಮಣ್ಣಾದರು. 1904ರ ಒಪ್ಪಂದದಂತೆ ಭಾರತದ ವರ್ತಕರು, ವಿದ್ಯಾರ್ಥಿಗಳು ಮತ್ತು ಪ್ರವಾಸಿಗಳು ಪಾಸ್‌ಪೋರ್ಟ್ ಇದ್ದರೆ ಪರೀಕ್ಷೆಯಿಲ್ಲದೆ ತಾತ್ಕಾಲಿಕವಾಗಿ ಬಂದು ಹೋಗಬಹುದಿತ್ತು. ನೆಲೆಸಲು ಮಾತ್ರ ಸಾಧ್ಯವಿರಲಿಲ್ಲ.

ಈ ಉಕ್ತಲೇಖನದ ಬಣ್ಣ ಲೋಕದೆದುರು ಬಯಲಾದದ್ದು 1934ರಲ್ಲಿ, ಅದೂ ಒಬ್ಬ ಯುರೋಪಿಯನ್ನನ ಪ್ರಕರಣದಲ್ಲಿ. ಪ್ರಾಗ್ ನಗರದ ಪತ್ರಕರ್ತ ಎಗಾನ್ ಕಿಶ್ ಯುದ್ಧವಿರೋಧಿ ಸಮ್ಮೇಳನದಲ್ಲಿ ಮಾತನಾಡಲು ಬಂದಿದ್ದರು. ಅವರ ಎಡಪಂಥೀಯ ವಿಚಾರಗಳು ಸರಕಾರಕ್ಕೆ ಬೇಡವಾಗಿದ್ದವು. ಇಳಿಯಲು ಬಿಡದಿದ್ದಾಗ ಅವರು ಮೆಲ್ಬರ್ನ್‌ನಲ್ಲಿ ಹಡಗಿನಿಂದ ಕಟ್ಟೆಗೆ ಹಾರಿ ಕಾಲು ಮುರಿದುಕೊಂಡರು. ಹಲವು ಯುರೋಪಿಯನ್ ಭಾಷೆಗಳನ್ನು ಬಲ್ಲ ಅವರಿಗೆ ಸಿಡ್ನಿಯಲ್ಲಿ ಕೊಟ್ಟದ್ದು ಸ್ಕಾಟಿಷ್ ಗೇಲಿಕ್ ಭಾಷೆಯ ಉಕ್ತಲೇಖನ! ಸ್ಕಾಟ್ಲೆಂಡಿನಲ್ಲೇ ಕೆಲವೇ ಮಂದಿ ಆಡುವ ನುಡಿ ಅದು. ಕಾಯ್ದೆಯ ಅರ್ಥದಲ್ಲಿ ಅದು ಯುರೋಪಿಯನ್ ಭಾಷೆಯೇ ಅಲ್ಲವೆಂದು ಆಸ್ಟ್ರೇಲಿಯಾದ ಹೈಕೋರ್ಟ್ ತೀರ್ಪು ಕೊಟ್ಟಾಗ ಸರಕಾರ ನಗೆಪಾಟಲಿಗೀಡಾಯಿತು. ಆದರೂ ಈ ಪರೀಕ್ಷೆ ಕಾನೂನಿನಿಂದ ತೊಲಗಲು 1958ರವರೆಗೆ ಕಾಯಬೇಕಾಯಿತು.

ಅಮೆರಿಕ 1917ರಲ್ಲಿ, ಅಧ್ಯಕ್ಷ ವಿಲ್ಸನ್ನರ ವಿರೋಧವನ್ನೂ ಮೀರಿ, ವಲಸೆಗಾರರಿಗೆ ಅಕ್ಷರಜ್ಞಾನದ ಪರೀಕ್ಷೆಯನ್ನು ತಂದಿತು. 16 ವರ್ಷ ದಾಟಿದವರು ತಮಗೆ ಗೊತ್ತಿರುವ ಯಾವುದೇ ಭಾಷೆಯಲ್ಲಿ ಕೆಲವು ಪದಗಳನ್ನು ಓದಿದರೆ ಸಾಕು. ಮೇಲ್ನೋಟಕ್ಕೆ ಇದು ಉದಾರವೆನಿಸುತ್ತದೆ. ಆದರೆ ಅದೇ ಕಾಯ್ದೆ 'ಏಷ್ಯಾ ನಿರ್ಬಂಧಿತ ವಲಯ'ವೊಂದನ್ನು ಗುರುತಿಸಿ ಭಾರತವನ್ನೂ ಅದರೊಳಗೆ ಸೇರಿಸಿತ್ತು. ನೆಲದ ಮೇಲೆ ಗೆರೆ ಎಳೆದ ಮೇಲೆ ಭಾರತದ ಕೂಲಿಕಾರನಿಗೆ ಓದು ಬಂದರೂ ಒಂದೇ, ಬಾರದಿದ್ದರೂ ಒಂದೇ.

ವಿಶ್ವವಿದ್ಯಾಲಯದ ಅಳತೆಗೋಲು

ಈಗ ಎರಡನೆಯ ಬೇರಿಗೆ ಬರೋಣ. ಬಂದರುಗಳಲ್ಲಿ ಉಕ್ತಲೇಖನ ನಡೆಯುತ್ತಿದ್ದ ಕಾಲದಲ್ಲೇ, 1913ರಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯ ಇಂಗ್ಲಿಷ್ ಮಾತೃಭಾಷೆಯಲ್ಲದವರಿಗಾಗಿ ಒಂದು ಪ್ರೌಢ ಪರೀಕ್ಷೆಯನ್ನು ಆರಂಭಿಸಿತು. ಮೊದಲ ವರ್ಷ ಅದಕ್ಕೆ ಕುಳಿತವರು ಕೇವಲ 3 ಮಂದಿ. ಒಟ್ಟು 12 ಗಂಟೆಗಳ ಪರೀಕ್ಷೆ. ಅನುವಾದ, ಪ್ರಬಂಧ, ಧ್ವನಿಶಾಸ್ತ್ರ, ಸಾಹಿತ್ಯ ಎಲ್ಲವೂ ಇತ್ತು. ಮೂವರೂ ಅನುತ್ತೀರ್ಣರಾದರು!

ಆಸ್ಟ್ರೇಲಿಯಾದಲ್ಲೂ ಸೊನ್ನೆ, ಕೇಂಬ್ರಿಜ್‌ನಲ್ಲೂ ಸೊನ್ನೆ. ಹಾಗಾದರೆ ವ್ಯತ್ಯಾಸವೇನು ಎಂದು ನೀವು ಕೇಳಬಹುದು. ವ್ಯತ್ಯಾಸ ಬಹಳ ದೊಡ್ಡದು. ಕೇಂಬ್ರಿಜ್‌ನಲ್ಲಿ ಭಾಷೆ ಯಾವುದೆಂದು ಮೊದಲೇ ಗೊತ್ತಿತ್ತು, ವಿಷಯ ಗೊತ್ತಿತ್ತು, ಮುಂದಿನ ವರ್ಷ ಮತ್ತೆ ಓದಿ ಬರಬಹುದಿತ್ತು. ಓದಿದವರಿಗೆ ಮುಂದಿನ ವರ್ಷಗಳಲ್ಲಿ ಅದು ದಕ್ಕಿತು ಕೂಡ. ಅಲ್ಲಿ ಸೋಲು ಅಭ್ಯರ್ಥಿಯದು. ಸಿಡ್ನಿಯಲ್ಲಿ ಸೋಲನ್ನು ಅಧಿಕಾರಿ ಮೊದಲೇ ಬರೆದಿಟ್ಟಿದ್ದ.

ಎರಡನೆಯ ಮಹಾಯುದ್ಧದ ನಂತರ ಹೊಸದಾಗಿ ಸ್ವತಂತ್ರವಾದ ದೇಶಗಳಿಂದ ವಿದ್ಯಾರ್ಥಿಗಳು ಅಮೆರಿಕ, ಬ್ರಿಟನ್‌ಗಳಿಗೆ ಹೆಚ್ಚು ಹೆಚ್ಚಾಗಿ ಹೋಗತೊಡಗಿದರು. ಅವರ ಇಂಗ್ಲಿಷನ್ನು ಒಂದೇ ಅಳತೆಯಲ್ಲಿ ಅಳೆಯಬೇಕಾದ ಅಗತ್ಯ ವಿಶ್ವವಿದ್ಯಾಲಯಗಳಿಗೆ ಬಂತು. ಹೀಗೆ 1964ರಲ್ಲಿ ಅಮೆರಿಕದ ಟೋಫೆಲ್ ಪರೀಕ್ಷೆ ಮೊದಲ ಬಾರಿಗೆ ನಡೆಯಿತು. ಬ್ರಿಟನ್ನಿನ ಕಡೆಯಿಂದ 1980ರಲ್ಲಿ ಬಂದ ಪರೀಕ್ಷೆಯೊಂದು, ಆಸ್ಟ್ರೇಲಿಯಾದ ಸಹಭಾಗಿತ್ವದೊಂದಿಗೆ 1989ರಲ್ಲಿ ಇಂದಿನ ಐಇಎಲ್‌ಟಿಎಸ್ ಆಯಿತು. ಬ್ರಿಟಿಷ್ ಕೌನ್ಸಿಲ್, ಆಸ್ಟ್ರೇಲಿಯಾದ ಐಡಿಪಿ ಮತ್ತು ಕೇಂಬ್ರಿಜ್ ಸಂಸ್ಥೆಗಳು ಇದರ ಒಡೆಯರು. ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಕೌಶಲಗಳನ್ನು 0ಯಿಂದ 9ರವರೆಗಿನ ಬ್ಯಾಂಡ್‌ಗಳಲ್ಲಿ ಅದು ಅಳೆಯುತ್ತದೆ. ಇಲ್ಲಿ ಉತ್ತೀರ್ಣ, ಅನುತ್ತೀರ್ಣ ಎಂಬುದೇ ಇಲ್ಲ. ಎಷ್ಟು ಬ್ಯಾಂಡ್ ಬೇಕೆಂಬುದನ್ನು ಕಾಲೇಜೋ ಸರಕಾರವೋ ನಿರ್ಧರಿಸುತ್ತದೆ. ದಾದಿಯರು, ವೈದ್ಯರು ಮೊದಲಾದವರಿಗಾಗಿ ಒಇಟಿ ಎಂಬ ಪ್ರತ್ಯೇಕ ಪರೀಕ್ಷೆ ಆಸ್ಟ್ರೇಲಿಯಾದಲ್ಲೇ ಹುಟ್ಟಿಕೊಂಡಿತು. ಯುರೋಪ್ ಮಂಡಳಿಯು 2001ರಲ್ಲಿ ಪ್ರಕಟಿಸಿದ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಹಂತಗಳ ಚೌಕಟ್ಟು ಇಂದು ಬಹುತೇಕ ಎಲ್ಲ ಭಾಷಾ ಪರೀಕ್ಷೆಗಳ ಸಾಮಾನ್ಯ ಅಳತೆಯಾಗಿದೆ. ಎ1 ಎಂದರೆ ಆರಂಭಿಕ ಹಂತ, ಸಿ2 ಎಂದರೆ ಪ್ರೌಢ ಹಂತ.

ಎರಡು ದಾರಿಗಳು ಕೂಡಿದಾಗ

ವಿದ್ಯಾರ್ಥಿಗಳಿಗಾಗಿ ಮಾಡಿದ ಈ ಅಳತೆಗೋಲು ಇಪ್ಪತ್ತನೆಯ ಶತಮಾನದ ಕೊನೆಗೆ ಸರಕಾರಗಳ ಕೈಗೆ ಬಂತು. ವಲಸೆಗೂ ಪೌರತ್ವಕ್ಕೂ ಅದೇ ಪುರಾವೆಯನ್ನು ಕೇಳತೊಡಗಿದರು. ಹೀಗೆ ಬಂದರಿನ ಬೇರೂ ವಿಶ್ವವಿದ್ಯಾಲಯದ ಬೇರೂ ಒಂದೇ ಮರದಲ್ಲಿ ಸೇರಿಕೊಂಡವು.

ಬ್ರಿಟನ್ನನ್ನೇ ತೆಗೆದುಕೊಳ್ಳಿ. 1981ರ ಪೌರತ್ವ ಕಾಯ್ದೆ, ಪೌರರಾಗಬಯಸುವವರಿಗೆ ಇಂಗ್ಲಿಷ್, ವೆಲ್ಷ್ ಅಥವಾ ಸ್ಕಾಟಿಷ್ ಗೇಲಿಕ್ ಭಾಷೆಯ ಸಾಕಷ್ಟು ಜ್ಞಾನವಿರಬೇಕೆಂದು ಹೇಳುತ್ತದೆ. ಒಂದು ಕಾಲಕ್ಕೆ ಕಿಶ್ ಅವರನ್ನು ಕೆಡಹಲು ಬಳಸಿದ ಗೇಲಿಕ್ ಇಲ್ಲಿ ಅರ್ಜಿದಾರನ ಅರ್ಹತೆಯಾಯಿತು. ಭಾಷೆ ತಪ್ಪು ಮಾಡುವುದಿಲ್ಲ, ಅದನ್ನು ಬಳಸುವವರ ಉದ್ದೇಶ ತಪ್ಪಿರುತ್ತದೆ ಎನ್ನಲು ಇದಕ್ಕಿಂತ ಉದಾಹರಣೆ ಬೇಕೆ? 2005ರ ನವೆಂಬರ್ 1ರಿಂದ ಅಲ್ಲಿ 'ಬ್ರಿಟನ್ನಿನ ಜೀವನ' ಎಂಬ ಪರೀಕ್ಷೆ ಪೌರತ್ವಕ್ಕೆ ಕಡ್ಡಾಯವಾಯಿತು. ಆಸ್ಟ್ರೇಲಿಯಾದ ಪೌರತ್ವ ಪರೀಕ್ಷೆ 2007ರಲ್ಲಿ ಶುರುವಾಯಿತು.

2010ರ ನವೆಂಬರಿನಲ್ಲಿ ಬ್ರಿಟನ್ ಇನ್ನೊಂದು ನಿಯಮ ತಂದಿತು. ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ಹೊರದೇಶದ ಪತಿಯೋ ಪತ್ನಿಯೋ ಬ್ರಿಟನ್ನಿಗೆ ಬರುವ ಮೊದಲೇ ಎ1 ಹಂತದ ಇಂಗ್ಲಿಷ್ ಮಾತು ಮತ್ತು ಆಲಿಕೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಇಂಗ್ಲಿಷ್ ಪ್ರಧಾನವೆಂದು ಪಟ್ಟಿ ಮಾಡಿದ ದೇಶಗಳವರಿಗೆ ವಿನಾಯಿತಿ. ಭಾರತ ಆ ಪಟ್ಟಿಯಲ್ಲಿಲ್ಲ. ಪಾಕಿಸ್ತಾನದ ಮತ್ತು ಯೆಮನ್ನಿನ ಗಂಡಂದಿರಿದ್ದ ಇಬ್ಬರು ಬ್ರಿಟಿಷ್ ಮುಸ್ಲಿಮ್ ಮಹಿಳೆಯರು ಈ ನಿಯಮವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಪರೀಕ್ಷಾ ಕೇಂದ್ರ ದೂರ, ಕಲಿಸುವವರಿಲ್ಲ, ಶಾಲೆಯ ಮೆಟ್ಟಿಲು ಹತ್ತದವನು ಕಂಪ್ಯೂಟರಿನ ಮುಂದೆ ಕುಳಿತು ಏನು ಮಾಡಬೇಕು ಎಂಬುದು ಅವರ ಅಳಲು. 2015ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ನಿಯಮವನ್ನು ರದ್ದು ಮಾಡಲಿಲ್ಲ. ಆದರೆ ಪರೀಕ್ಷೆ ಬರೆಯುವುದೇ ಅಸಾಧ್ಯವಾದಂಥ ಪರಿಸ್ಥಿತಿಯಲ್ಲಿರುವವರ ಮೇಲೆ ಅದನ್ನು ಹೇರಿದರೆ ಕೌಟುಂಬಿಕ ಬದುಕಿನ ಹಕ್ಕಿಗೆ ಧಕ್ಕೆಯಾಗಬಹುದು ಎಂದು ಎಚ್ಚರಿಸಿತು.

2016ರ ಜನವರಿಯಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಮುಸ್ಲಿಮ್ ಮಹಿಳೆಯರ ಇಂಗ್ಲಿಷಿನ ಕೊರತೆಯನ್ನು ಎತ್ತಿ ತೋರಿಸಿ, ಭಾಷಾ ತರಗತಿಗಳಿಗೆ 2 ಕೋಟಿ ಪೌಂಡ್ ಘೋಷಿಸಿದರು. ಕಲಿಯದಿದ್ದರೆ ಬ್ರಿಟನ್ನಿನಲ್ಲಿ ಉಳಿಯುವ ಖಾತರಿಯಿಲ್ಲ ಎಂಬ ಸೂಚನೆಯನ್ನೂ ಕೊಟ್ಟರು. ಇದೇ ಸರಕಾರದ ಅವಧಿಯಲ್ಲಿ ವಯಸ್ಕರ ಇಂಗ್ಲಿಷ್ ತರಗತಿಗಳ ಅನುದಾನ ಅರ್ಧಕ್ಕಿಂತಲೂ ಹೆಚ್ಚು ಕಡಿತವಾಗಿತ್ತೆಂದು ಅಲ್ಲಿನ ಶಿಕ್ಷಕರು ನೆನಪಿಸಿದರು. ಕಲಿಯಿರಿ ಎನ್ನುವವರು ಕಲಿಸುವ ವ್ಯವಸ್ಥೆಯನ್ನೂ ಮಾಡಬೇಕಲ್ಲವೇ? ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಪೌರತ್ವಕ್ಕೆ ಐಇಎಲ್‌ಟಿಎಸ್ 6ರ ಮಟ್ಟದ ಇಂಗ್ಲಿಷ್ ಬೇಕೆಂಬ ಮಸೂದೆ ಬಂದಾಗ ಸೆನೆಟ್ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ಅರ್ಧ ಶತಮಾನದ ಉಕ್ತಲೇಖನದ ನೆನಪು ಆ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂತು.

ಇನ್ನೊಂದು ಮಾದರಿಯೂ ಇದೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯಲ್ಲಿ ವಲಸೆಗೆ ಅರ್ಜಿ ಹಾಕುವ ಎಲ್ಲರೂ ಇಂಗ್ಲಿಷ್ ಅಥವಾ ಫ್ರೆಂಚ್ ಪರೀಕ್ಷೆ ಬರೆಯಲೇಬೇಕು. ಲಂಡನ್ನಿನಲ್ಲಿ ಹುಟ್ಟಿ ಬೆಳೆದವನಿಗೂ ಅದರಿಂದ ಬಿಡುಗಡೆಯಿಲ್ಲ. ಪರೀಕ್ಷೆ ಕಠಿಣವಾಗಿರಬಹುದು, ಆದರೆ ಎಲ್ಲರಿಗೂ ಒಂದೇ.

2014ರ ಪಾಠ

ಇಷ್ಟರವರೆಗೆ ಸರಕಾರಗಳ ತಪ್ಪನ್ನು ನೋಡಿದೆವು. ನ್ಯಾಯವಾಗಿ ಮಾತನಾಡುವುದಾದರೆ ಅಭ್ಯರ್ಥಿಗಳ ಕಡೆಯ ತಪ್ಪನ್ನೂ ಹೇಳಬೇಕು. 2014ರ ಫೆಬ್ರವರಿಯಲ್ಲಿ ಬಿಬಿಸಿಯ 'ಪನೋರಮಾ' ಕಾರ್ಯಕ್ರಮವು ಲಂಡನ್ನಿನ ಕೆಲವು ಕೇಂದ್ರಗಳಲ್ಲಿ ನಡೆಯುತ್ತಿದ್ದ ಟೋಇಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಒಳಗುಟ್ಟನ್ನು ಗುಪ್ತ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿತು. ವೀಸಾ ವಿಸ್ತರಿಸಲು ಬಂದ ವಿದ್ಯಾರ್ಥಿಯ ಜಾಗದಲ್ಲಿ ಬೇರೆಯವರು ಕುಳಿತು ಪರೀಕ್ಷೆ ಬರೆಯುತ್ತಿದ್ದರು. ಉತ್ತರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಎಲ್ಲಕ್ಕೂ ಒಂದು ದರವಿತ್ತು.

ನಂತರ ಆದದ್ದು ಇನ್ನೂ ದೊಡ್ಡ ಅನಾಹುತ. ಪರೀಕ್ಷೆ ನಡೆಸಿದ ಸಂಸ್ಥೆ ಧ್ವನಿಮುದ್ರಣಗಳನ್ನು ಪರಿಶೀಲಿಸಿ, 2011ರಿಂದ 2014ರ ನಡುವೆ ಬ್ರಿಟನ್ನಿನಲ್ಲಿ ನಡೆದ 58,458 ಪರೀಕ್ಷೆಗಳಲ್ಲಿ ಶೇಕಡಾ 97ರಷ್ಟು ಸಂಶಯಾಸ್ಪದವೆಂದಿತು. ಸಾವಿರಾರು ವಿದ್ಯಾರ್ಥಿಗಳ ವೀಸಾ ರದ್ದಾಯಿತು. ಅವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶದವರು ಬಹಳ ಮಂದಿ. ಓದು ಅರ್ಧಕ್ಕೆ ನಿಂತಿತು, ಸಾಲ ಮಾಡಿ ಕಟ್ಟಿದ ಶುಲ್ಕ ಹೋಯಿತು. ಮೋಸ ಮಾಡದವರೂ ಅದೇ ಬಲೆಗೆ ಸಿಕ್ಕಿದರು. ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದು ಸುಮಾರು 3,600 ಮೇಲ್ಮನವಿಗಳಲ್ಲಿ ಅರ್ಜಿದಾರರಿಗೆ ಜಯ ಸಿಕ್ಕಿತು. ನಿರಪರಾಧಿಗಳನ್ನು ಬೇರ್ಪಡಿಸಲು ಗೃಹ ಇಲಾಖೆ ಸಾಕಷ್ಟು ಎಚ್ಚರ ವಹಿಸಲಿಲ್ಲವೆಂದು ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ 2019ರಲ್ಲಿ ವರದಿ ಮಾಡಿತು.

ಇದರ ನೀತಿ ಸ್ಪಷ್ಟವಿದೆ. ಒಬ್ಬನು ಕೊಂಡ ಸುಳ್ಳು ಪ್ರಮಾಣಪತ್ರ ಅವನನ್ನು ಮಾತ್ರ ಸುಡುವುದಿಲ್ಲ, ಪಕ್ಕದ ಬೆಂಚಿನಲ್ಲಿ ಪ್ರಾಮಾಣಿಕವಾಗಿ ಬರೆದವನ ಮನೆಗೂ ಬೆಂಕಿ ಹಚ್ಚುತ್ತದೆ. ಕಷ್ಟಪಟ್ಟು ಅಳತೆಗೋಲಾದ ಪರೀಕ್ಷೆಯನ್ನು ಮತ್ತೆ ಗೋಡೆಯಾಗಿಸುವ ಅಸ್ತ್ರವನ್ನು ಬಾಗಿಲು ಮುಚ್ಚಲು ಕಾದಿರುವವರ ಕೈಗೆ ನಾವೇ ಕೊಟ್ಟಂತಾಗುತ್ತದೆ.

ನಾವು ಮಾಡಬೇಕಾದದ್ದು

ಭಾಷೆ ಕಲಿಯುವುದು ನಮ್ಮ ದೀನಿಗೆ ಹೊರಗಿನ ವಿಷಯವಲ್ಲ. ಪವಿತ್ರ ಕುರ್‌ಆನಿನ ಮೊದಲ ಆದೇಶವೇ ಓದಿನ ಕುರಿತದ್ದು. ಮನುಷ್ಯರ ಭಾಷೆಗಳ ವೈವಿಧ್ಯವನ್ನು ಅದು ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಎಣಿಸಿದೆ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಯುವ ಸಹಾಬಿ ಝೈದ್ ಬಿನ್ ಸಾಬಿತ್(ರ) ಅವರಿಗೆ ಯಹೂದಿಗಳ ಬರಹವನ್ನು ಕಲಿಯಲು ಹೇಳಿದಾಗ ಅವರು ಅರ್ಧ ತಿಂಗಳೊಳಗೆ ಕಲಿತರೆಂದು ಹದೀಸ್ ಗ್ರಂಥಗಳು ತಿಳಿಸುತ್ತವೆ. ಬದ್ರ್‌ನಲ್ಲಿ ಸೆರೆಸಿಕ್ಕ ಅಕ್ಷರಸ್ಥ ಕೈದಿಗಳು ಮದೀನಾದ ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಹೊಂದಿದ ಘಟನೆಯೂ ನಿಮಗೆ ಗೊತ್ತು. ಅಕ್ಷರವನ್ನು ಜನರನ್ನು ತಡೆಯುವ ಬೇಲಿಯಾಗಿ ಬಳಸಿದ ಡರ್ಬನ್ ಒಂದು ಕಡೆ. ಅಕ್ಷರವನ್ನೇ ಬಿಡುಗಡೆಯ ಬೆಲೆಯಾಗಿ ಒಪ್ಪಿಕೊಂಡ ಮದೀನಾ ಇನ್ನೊಂದು ಕಡೆ. ನಾವು ಯಾವ ಪರಂಪರೆಯವರು ಎಂಬುದನ್ನು ಮರೆಯಬಾರದು.

ಆದ್ದರಿಂದ ವಿದ್ಯಾರ್ಥಿಗಳೇ, ಇಂಗ್ಲಿಷನ್ನು ಪರೀಕ್ಷೆಯ ಹಿಂದಿನ ಎರಡು ತಿಂಗಳ ತರಬೇತಿಗೆ ಬಿಡಬೇಡಿ. ತರಬೇತಿ ಕೇಂದ್ರ ಪ್ರಶ್ನೆಪತ್ರಿಕೆಯ ರೂಪವನ್ನು ತಿಳಿಸಬಹುದು, ಭಾಷೆಯನ್ನು ಕೊಡಲಾರದು. ಪ್ರೌಢಶಾಲೆಯಿಂದಲೇ ದಿನಕ್ಕೊಂದು ಪುಟ ಓದಿ, ಒಂದು ಪ್ಯಾರಾ ಬರೆಯಿರಿ, ಗೆಳೆಯರೊಡನೆ ಸಂಕೋಚ ಬಿಟ್ಟು ಮಾತನಾಡಿ. ಯಾವ ಪರೀಕ್ಷೆ, ಎಷ್ಟು ಅಂಕ ಎಂಬುದನ್ನು ಏಜೆಂಟರ ಬಾಯಿಂದ ಕೇಳದೆ ಆಯಾ ವಿಶ್ವವಿದ್ಯಾಲಯ ಮತ್ತು ಸರಕಾರದ ಅಧಿಕೃತ ಪ್ರಕಟಣೆಯಲ್ಲೇ ನೋಡಿ. ಇಂಗ್ಲಿಷ್ ಮಾಧ್ಯಮದ ಪದವಿಯನ್ನೇ ಪುರಾವೆಯಾಗಿ ಒಪ್ಪುವ ಸಂದರ್ಭಗಳೂ ಬ್ರಿಟನ್ನಿನಲ್ಲಿವೆ. ಐಇಎಲ್‌ಟಿಎಸ್, ಟೋಫೆಲ್ ಅಂಕಪಟ್ಟಿಗಳ ಬಾಳಿಕೆ ಎರಡು ವರ್ಷ ಎಂಬುದನ್ನು ಗಮನದಲ್ಲಿಡಿ. ಐಇಎಲ್‌ಟಿಎಸ್‌ನಲ್ಲಿ ಅಂಕ ಕಡಿಮೆಯೆನಿಸಿದರೆ ಮರುಮೌಲ್ಯಮಾಪನ ಕೇಳುವ ಹಕ್ಕು ನಿಮಗಿದೆ. ಅಂಕ ಹೆಚ್ಚಾದರೆ ಅದಕ್ಕೆ ಕಟ್ಟಿದ ಹಣ ಮರಳುತ್ತದೆ. ಸಿಡ್ನಿಯ ಬಂದರಿನಲ್ಲಿ ನಿಂತವನಿಗೆ ಈ ಹಕ್ಕು ಇರಲಿಲ್ಲ.

ಹಿರಿಯರಲ್ಲಿ ಒಂದು ವಿನಂತಿ. ಮದುವೆಯಾಗಿ ವಿದೇಶಕ್ಕೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಬಂಗಾರ ಕೊಡುವುದಕ್ಕಿಂತ ಮೊದಲು ಭಾಷೆ ಕೊಡಿ. ವೈದ್ಯರ ಬಳಿ, ಮಗುವಿನ ಶಾಲೆಯಲ್ಲಿ, ಕಷ್ಟ ಬಂದಾಗ ಪೊಲೀಸ್ ಠಾಣೆಯಲ್ಲಿ ಅವಳ ಬೆನ್ನಿಗೆ ನಿಲ್ಲುವುದು ಅದೇ. ನಮ್ಮ ಸಂಸ್ಥೆಗಳು ಪ್ರತಿಭಾ ಪುರಸ್ಕಾರದ ಜೊತೆಗೆ ವಾರಕ್ಕೆರಡು ದಿನ ಇಂಗ್ಲಿಷ್ ಮಾತುಗಾರಿಕೆಯ ತರಗತಿಯನ್ನೂ ನಡೆಸಿದರೆ ಅದರ ಫಲ ತಲೆಮಾರುಗಳಿಗೆ ಸಲ್ಲುತ್ತದೆ.

ಹಾಗೆಂದು ಬ್ಯಾರಿ, ಉರ್ದು, ನವಾಯತಿ, ಕನ್ನಡಗಳನ್ನು ಮನೆಯಿಂದ ಹೊರಗೆ ಕಳುಹಿಸಬೇಕಾಗಿಲ್ಲ. ನೇಟಾಲಿನ ಕಾನೂನು ಮಾಡಿದ ದೊಡ್ಡ ಅನ್ಯಾಯವೆಂದರೆ ನಮ್ಮ ಭಾಷೆಗಳನ್ನು ಬಲ್ಲವನನ್ನು ಏನೂ ಬಾರದವನೆಂದು ಕರೆದದ್ದು. ಆ ಮಾತನ್ನು ನಮ್ಮ ಮಕ್ಕಳ ಬಗ್ಗೆ ನಾವೇ ಆಡಬಾರದು. ಇಂಗ್ಲಿಷನ್ನು ಚೆನ್ನಾಗಿ ಕಲಿಯೋಣ, ಪ್ರಾಮಾಣಿಕವಾಗಿ ಪರೀಕ್ಷೆ ಬರೆಯೋಣ, ಪರೀಕ್ಷೆ ನ್ಯಾಯವಾಗಿರಬೇಕೆಂದು ಕೇಳುವ ಧೈರ್ಯವನ್ನೂ ಉಳಿಸಿಕೊಳ್ಳೋಣ. ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ವೃದ್ಧಿಸಲಿ, ಆಮೀನ್.